ಕರಗಬೇಕಾದ ನಾಳ: ನ್ಯಾನೊನಾರಿನ ಹಂದರಗಳಲ್ಲಿ ಯಾವುದನ್ನು ಆರಿಸುವುದು?

ದಪ್ಪ ರಕ್ತನಾಳಗಳ ಮಟ್ಟಿಗೆ ಕೃತಕ ಕೊಳವೆಯ ಸಮಸ್ಯೆ ಬಹುಪಾಲು ಬಗೆಹರಿದಿದೆ. ಮಹಾಪಧಮನಿಯ ಜಾಗಕ್ಕೆ ಡೇಕ್ರಾನ್ ಬಟ್ಟೆಯ ಕೊಳವೆಯನ್ನೋ ಹಿಗ್ಗಿಸಿದ ಟೆಫ್ಲಾನ್ ಕೊಳವೆಯನ್ನೋ ಹೊಲಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಒಳಗೋಡೆಗೆ ತೆಳ್ಳಗೆ ಹೆಪ್ಪು ಅಂಟಿಕೊಂಡರೂ ಅಲ್ಲಿನ ರಭಸದ ಹರಿವಿನಲ್ಲಿ ದಾರಿ ಮುಚ್ಚುವುದಿಲ್ಲ. ಒಳವ್ಯಾಸ 6 ಮಿಲಿಮೀಟರ್‌ಗಿಂತ ಕೆಳಗಿಳಿದಾಗ ಇದೇ ಕೊಳವೆಗಳು ಸೋಲುತ್ತವೆ. ಮೊದಲ ವಾರಗಳಲ್ಲಿ ಹೆಪ್ಪು ಕಾಡುತ್ತದೆ. ಅದನ್ನು ದಾಟಿದರೆ, ತಿಂಗಳುಗಳ ಬಳಿಕ ಹೊಲಿಗೆಯ ಹತ್ತಿರ ಒಳಪದರ ದಪ್ಪಗೆ ಬೆಳೆದು ದಾರಿಯನ್ನು ಕಿರಿದಾಗಿಸುತ್ತದೆ. ಹೃದಯದ ಬೈಪಾಸ್‌ಗೆ ಇಂದಿಗೂ ರೋಗಿಯ ಎದೆಯೊಳಗಿನ ಅಪಧಮನಿಯನ್ನು, ಕಾಲಿನ ಸಫೀನಸ್ ಅಭಿಧಮನಿಯನ್ನು ತೆಗೆದು ಬಳಸುವುದು ಈ ಕಾರಣಕ್ಕೇ. ಆ ಕಾಲಿನ ಅಭಿಧಮನಿಯಾದರೂ ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಮುಚ್ಚಿಹೋಗಿರುತ್ತದೆ. ಎಷ್ಟೋ ರೋಗಿಗಳಲ್ಲಿ ಅದು ಹಿಂದಿನ ಶಸ್ತ್ರಚಿಕಿತ್ಸೆಗೇ ಖರ್ಚಾಗಿರುತ್ತದೆ.

ಹಾಗಾಗಿ ಇನ್ನೊಂದು ದಾರಿ: ಕರಗುವ ಪಾಲಿಮರ್‌ನ ಸಣ್ಣ ಎಳೆಗಳಿಂದ ಕೊಳವೆಯಾಕಾರದ ಹಂದರವನ್ನು ನೇಯ್ದು ಹೊಲಿಯುವುದು, ದೇಹದ ಕೋಶಗಳು ಅದರೊಳಗೆ ಬಂದು ತಮ್ಮದೇ ಗೋಡೆ ಕಟ್ಟಿಕೊಳ್ಳಲು ಬಿಡುವುದು, ಅಷ್ಟರಲ್ಲಿ ಹಂದರ ಕರಗಿಹೋಗುವುದು. ಎಳೆಗಳು ನ್ಯಾನೊಮೀಟರ್ ಅಳತೆಯಲ್ಲಿರುವುದಕ್ಕೆ ಕಾರಣವಿದೆ. ಕೋಶಗಳ ಸುತ್ತ ಸಹಜವಾಗಿ ಇರುವ ಕೊಲಾಜನ್ ಎಳೆಗಳ ದಪ್ಪವೂ ಸುಮಾರು 50ರಿಂದ 500 ನ್ಯಾನೊಮೀಟರ್. ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರ ಎದುರು ಹತ್ತಾರು ಪಾಲಿಮರ್‌ಗಳು, ಅವುಗಳ ನೂರಾರು ಮಿಶ್ರಣಗಳು ಇರುತ್ತವೆ. ಪ್ರತಿಯೊಂದು ಪ್ರಬಂಧವೂ ತನ್ನ ಮಿಶ್ರಣವೇ ಭರವಸೆಯದು ಎನ್ನುತ್ತದೆ. ಸಂಶೋಧನೆ ಆರಂಭಿಸುವ ವಿದ್ಯಾರ್ಥಿಗೆ, ಎಂಜಿನಿಯರ್ ಜತೆ ಕೂತು ಮಾತಾಡಬೇಕಾದ ಶಸ್ತ್ರವೈದ್ಯರಿಗೆ ಆಯ್ಕೆಯ ಕ್ರಮವೊಂದನ್ನು ಕೊಡುವುದು ಈ ಬರಹದ ಉದ್ದೇಶ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಎಳೆ ಎಷ್ಟು ತೆಳು ಎನ್ನುವುದಕ್ಕಿಂತ ಹಂದರ ಎಷ್ಟು ಬೇಗ ಕರಗುತ್ತದೆ, ಕೋಶಗಳಿಗೆ ಎಷ್ಟು ಜಾಗ ಬಿಡುತ್ತದೆ ಎನ್ನುವ ಎರಡೇ ಪ್ರಶ್ನೆಗಳು ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುತ್ತವೆ.

ಮೊದಲು ನಾಳ ಯಾವುದೆಂದು ಹೇಳಿ

"ರಕ್ತನಾಳಕ್ಕೆ ಒಳ್ಳೆಯ ಹಂದರ ಯಾವುದು" ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಒಂದೊಂದು ಜಾಗದ ಬೇಡಿಕೆ ಒಂದೊಂದು ತರಹ.

ಹೃದಯದ ಬೈಪಾಸ್‌ನದು 3ರಿಂದ 4 ಮಿಲಿಮೀಟರ್ ವ್ಯಾಸದ, ಅಪಧಮನಿಯ ಪೂರ್ಣ ಒತ್ತಡ ತಡೆಯಬೇಕಾದ, ಹೃದಯದ ಪ್ರತಿ ಬಡಿತಕ್ಕೂ ಬಾಗಿ ಏಳುವ ನಾಳ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಇಲ್ಲಿ ಮುಚ್ಚಿಕೊಂಡರೆ ಜೀವಕ್ಕೇ ಅಪಾಯ. ಮೊಣಕಾಲಿನ ಕೆಳಗಿನ ಬೈಪಾಸ್‌ಗೆ ವ್ಯಾಸ ತುಸು ಹೆಚ್ಚು, ಆದರೆ ಉದ್ದ ಹತ್ತಾರು ಸೆಂಟಿಮೀಟರ್, ಜತೆಗೆ ಕೀಲಿನ ಬಳಿ ಮಡಚಿಕೊಳ್ಳಬಾರದು. ಡಯಾಲಿಸಿಸ್‌ನ ನಾಳ ಸುಮಾರು 6 ಮಿಲಿಮೀಟರ್‌ನದು, ಹರಿವು ಜೋರು, ಹಾಗಾಗಿ ಹೆಪ್ಪಿನ ಭಯ ಸ್ವಲ್ಪ ಕಡಿಮೆ. ಆದರೆ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ಎರಡು ದಪ್ಪ ಸೂಜಿಯಂತೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಬಾರಿ ಚುಚ್ಚಿಸಿಕೊಳ್ಳಬೇಕು. ಹುಟ್ಟಿನಿಂದಲೇ ಹೃದಯದ ಒಂದೇ ಕುಹರ ಕೆಲಸ ಮಾಡುವ ಮಕ್ಕಳಿಗೆ ಹಾಕುವ ನಾಳವಂತೂ 16ರಿಂದ 20 ಮಿಲಿಮೀಟರ್ ದಪ್ಪದ್ದು, ಒತ್ತಡ ಬಹಳ ಕಡಿಮೆ. ವ್ಯಾಸ ಇಷ್ಟು ದೊಡ್ಡದಾಗಿದ್ದೂ ಕರಗುವ ಹಂದರ ಅಲ್ಲಿ ಅರ್ಥಪೂರ್ಣವಾಗುವುದು ಮಗು ಬೆಳೆಯುತ್ತದೆ, ಟೆಫ್ಲಾನ್ ಬೆಳೆಯುವುದಿಲ್ಲ ಎಂಬ ಕಾರಣಕ್ಕೆ.

ಮನುಷ್ಯರಲ್ಲಿ ಕರಗುವ ಹಂದರದ ಮೊದಲ ಯಶಸ್ಸು ಬಂದದ್ದು ಈ ಕೊನೆಯ ಗುಂಪಿನ ಹತ್ತಿರದಿಂದಲೇ. ಜಪಾನಿನ ಶಸ್ತ್ರವೈದ್ಯ ತೋಶಿಹಾರು ಶಿನೋಕಾ ಅವರ ತಂಡ ನಾಲ್ಕು ವರ್ಷದ ಹುಡುಗಿಯೊಬ್ಬಳ ಶ್ವಾಸಕೋಶದ ಅಪಧಮನಿಯನ್ನು ಇಂಥ ಹಂದರದಿಂದ ಮರುಕಟ್ಟಿದ್ದನ್ನು 2001ರಲ್ಲಿ ಪ್ರಕಟಿಸಿತು. ಕ್ಯಾಪ್ರೊಲ್ಯಾಕ್ಟೋನ್ ಮತ್ತು ಲ್ಯಾಕ್ಟಿಕ್ ಆಮ್ಲದ ಸಹಪಾಲಿಮರ್ (ಎರಡನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿದ ಪಾಲಿಮರ್), ಬಲಕ್ಕೆ ಪಾಲಿಗ್ಲೈಕಾಲಿಕ್ ಆಮ್ಲದ ನೇಯ್ಗೆ, ಅದರ ಮೇಲೆ ಅವಳದೇ ಅಭಿಧಮನಿಯಿಂದ ಬೆಳೆಸಿದ ಕೋಶಗಳು. ಗಮನಿಸಿ, ಅದು ನ್ಯಾನೊನಾರಲ್ಲ. ಒತ್ತಡವೂ ಕಡಿಮೆ ಇದ್ದ ಜಾಗ. ಆ ಯಶಸ್ಸನ್ನು ಹೃದಯದ ಬೈಪಾಸ್‌ಗೆ ನೇರವಾಗಿ ಅನ್ವಯಿಸುವಂತಿಲ್ಲ.

ಕರಗುವ ವೇಗ

ತಾರಸಿಗೆ ಕಾಂಕ್ರೀಟು ಹಾಕಿದವರಿಗೆ ಸೆಂಟ್ರಿಂಗ್ ಬೇಗ ಬಿಚ್ಚಿದರೆ ಏನಾಗುತ್ತದೆಂದು ಗೊತ್ತು. ಹಂದರವೂ ಹಾಗೆಯೇ: ಹೊಸ ಅಂಗಾಂಶ ಗಟ್ಟಿಯಾಗುವ ಮೊದಲೇ ಕರಗಿದರೆ ಗೋಡೆ ಬಲೂನಿನಂತೆ ಉಬ್ಬುತ್ತದೆ, ಒಡೆಯಲೂಬಹುದು. ತೀರ ತಡವಾಗಿ ಕರಗಿದರೆ ಅಪಾಯ ಬೇರೆ. ವರ್ಷಗಟ್ಟಲೆ ಉಳಿದ ಪಾಲಿಮರ್ ಸುತ್ತ ದೇಹ ಉರಿಯೂತವನ್ನು ಜೀವಂತ ಇಟ್ಟಿರುತ್ತದೆ, ಅಲ್ಲಲ್ಲಿ ಸುಣ್ಣ ಕೂಡುತ್ತದೆ, ಗೋಡೆ ಬಿರುಸಾಗುತ್ತದೆ. ನಾಳದ ಮಿಡಿತವೆಲ್ಲ ಪಾಲಿಮರ್ ಮೇಲೆಯೇ ಬೀಳುವುದರಿಂದ ಒಳಗಿನ ಕೋಶಗಳಿಗೆ ಎಳೆತವೇ ತಾಕುವುದಿಲ್ಲ. ಎಳೆತ ತಾಕದೆ ನಯಸ್ನಾಯು ಕೋಶಗಳು ಎಲಾಸ್ಟಿನ್ (ನಾಳಕ್ಕೆ ಹಿಗ್ಗುವ ಗುಣ ಕೊಡುವ ಪ್ರೋಟೀನ್) ಮತ್ತು ಕೊಲಾಜನ್ ಅನ್ನು ಸರಿಯಾದ ಕ್ರಮದಲ್ಲಿ ಕಟ್ಟುವುದಿಲ್ಲ.

ಇಲ್ಲಿ ಹೊಸಬರು ಗೊಂದಲಕ್ಕೆ ಬೀಳುವ ಒಂದು ಅಂಶವಿದೆ. ಪಾಲಿಮರ್ ಬಲ ಕಳೆದುಕೊಳ್ಳುವುದು ಮತ್ತು ತೂಕ ಕಳೆದುಕೊಳ್ಳುವುದು ಒಟ್ಟಿಗೆ ನಡೆಯುವುದಿಲ್ಲ. ನೀರು ಉದ್ದ ಸರಪಳಿಗಳನ್ನು ಅಲ್ಲಲ್ಲಿ ತುಂಡರಿಸುತ್ತಾ ಹೋಗುತ್ತದೆ; ಬಲ ಮೊದಲು ಕುಸಿಯುತ್ತದೆ, ತುಂಡುಗಳು ಕರಗಿ ಹೊರಹೋಗುವಷ್ಟು ಚಿಕ್ಕದಾದ ಮೇಲಷ್ಟೇ ತೂಕ ಇಳಿಯುತ್ತದೆ. ಪಾಲಿಗ್ಲೈಕಾಲಿಕ್ ಆಮ್ಲದ ನಾರು ಎರಡರಿಂದ ನಾಲ್ಕು ವಾರಗಳಲ್ಲೇ ತನ್ನ ಬಲದ ಬಹುಪಾಲನ್ನು ಬಿಟ್ಟುಕೊಡುತ್ತದೆ, ಆದರೆ ಪೂರ್ತಿ ಮಾಯವಾಗಲು ತಿಂಗಳುಗಳು ಬೇಕು. ತಯಾರಕರ ಹಾಳೆಯಲ್ಲಿ "ಆರು ತಿಂಗಳಲ್ಲಿ ಕರಗುತ್ತದೆ" ಎಂದಿದ್ದರೆ ಅದು ಯಾವ ಅಳತೆ ಎಂದು ಕೇಳಲೇಬೇಕು. ನಾಳ ಕಟ್ಟುವವರಿಗೆ ಬೇಕಾದದ್ದು ಬಲದ ಅಳತೆ.

ಬಲದ ಲೆಕ್ಕ ಕಷ್ಟದ್ದಲ್ಲ. ಗೋಡೆಯ ಮೇಲಿನ ಎಳೆತವೆಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದ್ದು. 4 ಮಿಲಿಮೀಟರ್ ಒಳವ್ಯಾಸ, ಅರ್ಧ ಮಿಲಿಮೀಟರ್ ಗೋಡೆ, 120 ಮಿಲಿಮೀಟರ್ ಪಾದರಸದ ಒತ್ತಡ ಎಂದರೆ ಸುಮಾರು 64 ಕಿಲೊಪಾಸ್ಕಲ್. ಒಡೆಯುವ ಒತ್ತಡ 2,000 ಮಿಲಿಮೀಟರ್ ಪಾದರಸ ಇರಲಿ ಎಂದು ಬಯಸಿದರೆ ಗೋಡೆಗೆ ಹೆಚ್ಚುಕಡಿಮೆ ಒಂದು ಮೆಗಾಪಾಸ್ಕಲ್ ಬಲ ಸಾಕು. ಆ ಗುರಿ ಎಲ್ಲಿಂದ ಬಂತೆಂದರೆ, ಮನುಷ್ಯನ ಸಫೀನಸ್ ಅಭಿಧಮನಿ ಒಡೆಯುವುದು ಸರಾಸರಿ 1,600ರ ಆಸುಪಾಸಿನಲ್ಲಿ. ಎದೆಯೊಳಗಿನ ಅಪಧಮನಿ 3,000ವನ್ನೂ ದಾಟುತ್ತದೆ. ನೂಲಿದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಹಂದರಕ್ಕೆ ಕೆಲವು ಮೆಗಾಪಾಸ್ಕಲ್ ಬಲ ಇರುವುದರಿಂದ ಮೊದಲ ದಿನದ ಪರೀಕ್ಷೆಯಲ್ಲಿ ಅದು ಸುಲಭವಾಗಿ ಉತ್ತೀರ್ಣವಾಗುತ್ತದೆ. ಪ್ರಬಂಧಗಳಲ್ಲಿ ಮೊದಲ ದಿನದ ಅಂಕಿಯನ್ನೇ ದೊಡ್ಡದಾಗಿ ಹಾಕುವುದು ರೂಢಿ. ಆರನೇ ವಾರದ, ಹನ್ನೆರಡನೇ ವಾರದ ಅಂಕಿಯನ್ನು ಹುಡುಕಿ ನೋಡಿ; ಅದು ಇಲ್ಲದ ಹೋಲಿಕೆಗೆ ನಾನು ಬೆಲೆ ಕೊಡುವುದಿಲ್ಲ.

ಪಾಲಿಮರ್‌ಗಳು, ಒಂದರ ಪಕ್ಕ ಒಂದು

ಪಾಲಿಕ್ಯಾಪ್ರೊಲ್ಯಾಕ್ಟೋನ್ ಈ ಕ್ಷೇತ್ರದ ಕೆಲಸದ ಎತ್ತು. ಅಗ್ಗ, ನೂಲಲು ಸುಲಭ, ಬಾಗುತ್ತದೆ, ಹೊಲಿಗೆ ಹಿಡಿಯುತ್ತದೆ. ದೇಹದ ಶಾಖದಲ್ಲಿ ಅದು ಮೆದುವಾಗಿಯೇ ಇರುತ್ತದೆ. ಪೂರ್ತಿ ಕರಗಲು ಎರಡರಿಂದ ನಾಲ್ಕು ವರ್ಷ. ಜಿನೀವಾದ ಸಂಶೋಧಕರು ಇಲಿಯ ಹೊಟ್ಟೆಯ ಮಹಾಪಧಮನಿಯಲ್ಲಿ ಇದರ ನ್ಯಾನೊನಾರಿನ ಕೊಳವೆ ಹಿಗ್ಗಿಸಿದ ಟೆಫ್ಲಾನಿಗಿಂತ ಚೆನ್ನಾಗಿ ವಾಸಿಯಾಗುವುದನ್ನು 2008ರಲ್ಲಿ ತೋರಿಸಿದರು. ಅದೇ ಬಗೆಯ ಕೊಳವೆಗಳನ್ನು 18 ತಿಂಗಳ ಕಾಲ ಹಿಂಬಾಲಿಸಿದಾಗ, 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ದಾರಿ ತೆರೆದೇ ಇದ್ದರೂ ಗೋಡೆಯಲ್ಲಿ ಸುಣ್ಣ ಕೂಡಿತ್ತು, ಗೋಡೆಯೊಳಗಿನ ಕೋಶಗಳು ಕಡಿಮೆಯಾಗಿದ್ದವು. ಈ ಎರಡು ವರದಿಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದನ್ನು ಉಲ್ಲೇಖಿಸಿ ಎರಡನೆಯದನ್ನು ಬಿಟ್ಟ ಪ್ರಸ್ತಾವಗಳು ಬೇಕಾದಷ್ಟಿವೆ.

ಪಾಲಿಗ್ಲೈಕಾಲಿಕ್ ಆಮ್ಲ ಇದರ ಎದುರು ತುದಿ. ಬಲಿಷ್ಠ, ಆದರೆ ವಾರಗಳಲ್ಲಿ ಕೈಬಿಡುತ್ತದೆ. ಅಪಧಮನಿಯ ಒತ್ತಡಕ್ಕೆ ಅದನ್ನೊಂದನ್ನೇ ಖಾಲಿಯಾಗಿ ಹೊಲಿಯುವ ಯೋಚನೆ ಬೇಡ. ದೇಹದ ಹೊರಗೆ, ಕೋಶಗಳು ಗೋಡೆ ಕಟ್ಟುವವರೆಗೆ ಆಸರೆಯಾಗಿ ಬಳಸುವುದಾದರೆ ಆ ವೇಗವೇ ಅದರ ಗುಣ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಸಹಪಾಲಿಮರ್‌ನಲ್ಲಿ ವೇಗವನ್ನು ಅನುಪಾತದಿಂದ ಹೊಂದಿಸಬಹುದು. ಸಮಪಾಲಿನದು ಒಂದೆರಡು ತಿಂಗಳು, ಲ್ಯಾಕ್ಟಿಕ್ 85 ಪಾಲು ಇದ್ದರೆ ಐದಾರು ತಿಂಗಳು. ಆದರೆ ಅದು ಬಿರುಸು. ಹಿಗ್ಗಿ ಕುಗ್ಗುವುದು ಅದರ ಸ್ವಭಾವವಲ್ಲ. ಒಡೆದ ತುಂಡುಗಳೆಲ್ಲ ಆಮ್ಲಗಳಾದ್ದರಿಂದ ದಪ್ಪ ಗೋಡೆಯೊಳಗೆ ಆಮ್ಲೀಯತೆ ಶೇಖರವಾಗಿ ಕರಗುವಿಕೆ ಇನ್ನಷ್ಟು ಚುರುಕಾಗುತ್ತದೆ. ಶುದ್ಧ ಪಾಲಿಲ್ಯಾಕ್ಟಿಕ್ ಆಮ್ಲ ಗಟ್ಟಿ, ನಿಧಾನ. ನಾಳಕ್ಕೆ ಒಂಟಿಯಾಗಿ ಬಳಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಲ್ಯಾಕ್ಟಿಕ್‌ಗೆ ಕ್ಯಾಪ್ರೊಲ್ಯಾಕ್ಟೋನ್ ಬೆರೆಸಿದ ಸಹಪಾಲಿಮರ್ ಮಾತ್ರ ಬೇರೆ ಮಾತು: ರಬ್ಬರಿನಂತೆ ಹಿಗ್ಗುತ್ತದೆ, ತಿಂಗಳುಗಳಲ್ಲಿ ಕರಗುತ್ತದೆ. ಸಾಮಾನ್ಯ ಪ್ರಯೋಗಾಲಯಕ್ಕೆ ಸಿಗುವ ವಸ್ತುಗಳಲ್ಲಿ ಬೇಗ ಫಲ ಕೊಡುವುದು ಇದೇ ಎಂದು ನನ್ನ ಎಣಿಕೆ.

ಹಿಗ್ಗುವ ಗುಣ ಯಾಕಿಷ್ಟು ಮುಖ್ಯ? ಅಪಧಮನಿ ಪ್ರತಿ ಮಿಡಿತಕ್ಕೂ ತುಸು ಅಗಲವಾಗುತ್ತದೆ. ಅದಕ್ಕೆ ಹೊಲಿದ ಕೊಳವೆ ಹಿಗ್ಗದಿದ್ದರೆ ಹೊಲಿಗೆಯ ಗೆರೆಯಲ್ಲಿ ಹರಿವು ಕದಡುತ್ತದೆ, ಅಲ್ಲಿಯೇ ಒಳಪದರ ದಪ್ಪವಾಗಲು ಆರಂಭಿಸುತ್ತದೆ. ಒಂದೇ ಅಳತೆಗೋಲಿನಲ್ಲಿ ಮನುಷ್ಯನ ಅಪಧಮನಿಯ ಹಿಗ್ಗುವಿಕೆ 5.9 ಆಗಿದ್ದರೆ ಸಫೀನಸ್ ಅಭಿಧಮನಿಯದು 4.4, ಡೇಕ್ರಾನಿನದು 1.9, ಹಿಗ್ಗಿಸಿದ ಟೆಫ್ಲಾನಿನದು 1.6. ಶಸ್ತ್ರಚಿಕಿತ್ಸೆಯಲ್ಲಿ ಇವು ಬಾಳುವ ಕ್ರಮವೂ ಬಹುಮಟ್ಟಿಗೆ ಇದೇ.

ಪಾಲಿಗ್ಲಿಸರಾಲ್ ಸೆಬಕೇಟ್ ಅನ್ನು 2002ರಲ್ಲಿ ಯಾಡೋಂಗ್ ವಾಂಗ್ ಮತ್ತು ಸಂಗಡಿಗರು ಪರಿಚಯಿಸಿದಾಗ ಗಮನ ಸೆಳೆದದ್ದು ಈ ರಬ್ಬರ್ ಗುಣದಿಂದಲೇ. ಇದು ಹೊರಮೈಯಿಂದ ಸವೆಯುತ್ತದೆ, ಹಾಗಾಗಿ ಬಲ ಒಮ್ಮೆಲೇ ಕುಸಿಯುವುದಿಲ್ಲ, ವಾರಗಳಲ್ಲಿ ಮುಗಿಯುತ್ತದೆ. 2012ರಲ್ಲಿ ವಾಂಗ್ ತಂಡ ಇದರ ರಂಧ್ರಮಯ ಕೊಳವೆಯ ಹೊರಗೆ ಪಾಲಿಕ್ಯಾಪ್ರೊಲ್ಯಾಕ್ಟೋನ್‌ನ ತೆಳು ನಾರಿನ ಕವಚ ಸುತ್ತಿ, ಯಾವ ಕೋಶವನ್ನೂ ಬಿತ್ತದೆ ಇಲಿಯ ಮಹಾಪಧಮನಿಗೆ ಹೊಲಿಯಿತು. ಮೂರು ತಿಂಗಳಲ್ಲಿ ಎಲಾಸ್ಟಿನ್ ಇರುವ, ಮಿಡಿಯುವ ಗೋಡೆ ಸಿದ್ಧವಾಗಿತ್ತು. ಒಳಗಿನದು ಬೇಗ ಕರಗಿ ಕೋಶಗಳಿಗೆ ಜಾಗ ಬಿಡುವುದು, ಹೊರಗಿನದು ನಿಧಾನವಾಗಿ ಕರಗಿ ಉಬ್ಬದಂತೆ ಹಿಡಿದಿಡುವುದು ಎಂಬ ಈ ಜೋಡಣೆಯೇ ನನಗೆ ಇಡೀ ಕ್ಷೇತ್ರದ ಒಳ್ಳೆಯ ಉಪಾಯವಾಗಿ ಕಾಣುತ್ತದೆ. ತೊಡಕು ಬೇರೆಡೆ ಇದೆ. ಈ ಪಾಲಿಮರ್ ಅನ್ನು ಗಟ್ಟಿಯಾಗಿಸಲು ನಿರ್ವಾತದಲ್ಲಿ 120 ಡಿಗ್ರಿಯಷ್ಟು ಶಾಖ ಬೇಕು. ಅದಕ್ಕೆ ಮೊದಲು ಅದು ಅಂಟಂಟು ದ್ರವ, ಒಂಟಿಯಾಗಿ ನೂಲಾಗಿ ನಿಲ್ಲುವುದಿಲ್ಲ.

ಕರಗುವ ಪಾಲಿಯುರೆಥೇನ್‌ಗಳು ಹಿಗ್ಗುವಿಕೆ ಮತ್ತು ಬಲ ಎರಡನ್ನೂ ಕೊಡುತ್ತವೆ. ಆದರೆ ಒಡೆದಾಗ ಏನು ಹೊರಬರುತ್ತದೆ ಎಂಬುದು ಐಸೊಸಯನೇಟ್ ಎಂಬ ಕಚ್ಚಾ ರಾಸಾಯನಿಕಗಳಲ್ಲಿ ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ನಿಂತಿದೆ. ಬೆಂಜೀನ್ ಉಂಗುರವಿರುವ ಆರೋಮ್ಯಾಟಿಕ್ ವರ್ಗದ್ದನ್ನು ಬಿಟ್ಟು ಲೈಸಿನ್ ಅಥವಾ ಬ್ಯುಟೇನ್ ಮೂಲದ್ದನ್ನು ಆರಿಸುವುದು ಲೇಸು.

ಸಹಜ ಮೂಲದ ವಸ್ತುಗಳ ಬಗ್ಗೆ ಕ್ಷೇತ್ರದಲ್ಲಿ ಒಂದು ಬಗೆಯ ಭಕ್ತಿ ಇದೆ. ಕೊಲಾಜನ್ ನಾಳದ ಸ್ವಂತ ವಸ್ತು ಎಂಬುದು ನಿಜ. ಆದರೆ ಫ್ಲೋರಿನ್ ಇರುವ ಆಲ್ಕೋಹಾಲ್‌ಗಳಲ್ಲಿ ಕರಗಿಸಿ ಹೆಚ್ಚಿನ ವೋಲ್ಟೇಜಿನಲ್ಲಿ ನೂಲಿದಾಗ ಅದರ ಮೂರೆಳೆಯ ಹುರಿ ಬಿಚ್ಚಿಕೊಳ್ಳುತ್ತದೆ, ಕೈಗೆ ಸಿಗುವುದು ಬಹುತೇಕ ಜಿಲೆಟಿನ್. ಜಿಲೆಟಿನ್ನೇ ಬೇಕಿದ್ದರೆ ಅದನ್ನೇ ಕೊಂಡರೆ ಹಣ ಉಳಿಯುತ್ತದೆ. ಎರಡೂ ನೀರಿನಲ್ಲಿ ನಿಲ್ಲಬೇಕಾದರೆ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಅಡ್ಡಕೊಂಡಿ ಹಾಕಬೇಕು. ಗ್ಲುಟರಾಲ್ಡಿಹೈಡ್ ಅಗ್ಗವಾದರೂ ಕೋಶಗಳಿಗೆ ವಿಷ, ಸುಣ್ಣವನ್ನೂ ಕರೆಯುತ್ತದೆ. ಜೆನಿಪಿನ್ ಅಥವಾ ಕಾರ್ಬೋಡೈಇಮೈಡ್ ವಾಸಿ. ರೇಷ್ಮೆಯ ಫೈಬ್ರೊಯಿನ್ ಇವುಗಳಿಗಿಂತ ಗಟ್ಟಿ ಆಯ್ಕೆ. ಸೆರಿಸಿನ್ ಎಂಬ ಅಂಟನ್ನು ಪೂರ್ತಿ ತೆಗೆದರೆ ದೇಹ ಅದನ್ನು ಸಹಿಸುತ್ತದೆ, ಮೆಥನಾಲ್ ಆವಿ ತಾಗಿಸಿದರೆ ನೀರಿನಲ್ಲಿ ಕರಗದಂತಾಗುತ್ತದೆ, ಮುಂದೆ ಕಿಣ್ವಗಳಿಂದ ನಿಧಾನವಾಗಿ ಒಡೆಯುತ್ತದೆ. ಆದರೆ ಅದರ ಕರಗುವ ವೇಗ ತಯಾರಿಕೆಯ ಪ್ರತಿ ಹಂತವನ್ನೂ ಅವಲಂಬಿಸಿದ್ದರಿಂದ ಒಂದು ತಂಡದ ಅಂಕಿ ಇನ್ನೊಂದು ತಂಡಕ್ಕೆ ಹೊಂದುವುದು ಕಷ್ಟ. ಸಿಂಥೆಟಿಕ್ ಪಾಲಿಮರ್‌ಗೆ ಜಿಲೆಟಿನ್ ಅಥವಾ ರೇಷ್ಮೆಯನ್ನು ಬೆರೆಸುವ ಮಧ್ಯಮ ಮಾರ್ಗ ಬಳಕೆಯಲ್ಲಿದೆ. ಕೋಶ ಅಂಟುವುದಕ್ಕೆ ಸಹಾಯವಾಗುತ್ತದೆ ಅನ್ನುವುದನ್ನು ಬಿಟ್ಟರೆ ಬಲದ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಎಳೆ ತೆಳುವಾದಷ್ಟೂ ಒಳ್ಳೆಯದೇ?

ನ್ಯಾನೊ ಎಂಬ ಹೆಸರೇ ದಾರಿ ತಪ್ಪಿಸುವ ಜಾಗ ಇದು. ಅಡ್ಡಾದಿಡ್ಡಿ ಬಿದ್ದ ಎಳೆಗಳ ಹೆಣಿಗೆಯಲ್ಲಿ ಎಳೆ ತೆಳುವಾದಂತೆ ರಂಧ್ರವೂ ಕಿರಿದಾಗುತ್ತದೆ. ಒಟ್ಟು ಖಾಲಿ ಜಾಗ ಶೇಕಡ 80 ಇದ್ದರೂ ಅದು ಸಾವಿರಾರು ಸಣ್ಣ ಕಿಂಡಿಗಳಾಗಿ ಹಂಚಿಹೋಗಿರುತ್ತದೆ. 300 ನ್ಯಾನೊಮೀಟರ್ ಎಳೆಯ ಹಂದರದಲ್ಲಿ ಕಿಂಡಿ ಒಂದೆರಡು ಮೈಕ್ರೊಮೀಟರ್. ಕೋಶದ ಕೇಂದ್ರವೇ ಐದಾರು ಮೈಕ್ರೊಮೀಟರ್‌ಗಿಂತ ದೊಡ್ಡದು. ಪರಿಣಾಮವಾಗಿ ಕೋಶಗಳು ಮೇಲ್ಮೈಯಲ್ಲಿ ಹಾಸುಗಂಬಳಿಯಂತೆ ಹರಡಿಕೊಳ್ಳುತ್ತವೆ, ಸೂಕ್ಷ್ಮದರ್ಶಕದ ಚಿತ್ರ ಸುಂದರವಾಗಿ ಬರುತ್ತದೆ, ಗೋಡೆಯ ನಡುವಿನಲ್ಲಿ ಮಾತ್ರ ಯಾರೂ ಇರುವುದಿಲ್ಲ. ಹೊಸ ಗೋಡೆ ಕಟ್ಟಬೇಕಾದದ್ದು ಆ ನಡುವಿನಲ್ಲಿ.

2014ರಲ್ಲಿ ಚೀನಾದ ತಂಡವೊಂದು ಒಂದೇ ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಿಂದ ಎರಡು ಬಗೆಯ ಕೊಳವೆ ಮಾಡಿ ಇಲಿಗಳಲ್ಲಿ ಹೋಲಿಸಿತು. ದಪ್ಪ ಎಳೆ, ಸುಮಾರು 30 ಮೈಕ್ರೊಮೀಟರ್ ಕಿಂಡಿಯ ಕೊಳವೆಯೊಳಗೆ ಕೋಶಗಳು ನುಗ್ಗಿದವು. ಮ್ಯಾಕ್ರೋಫೇಜ್‌ಗಳು (ಹೊರವಸ್ತುವನ್ನು ನುಂಗುವ ರಕ್ಷಕ ಕೋಶಗಳು) ಉರಿಯೂತದ ಬದಲು ದುರಸ್ತಿಯ ಕಡೆಗೆ ತಿರುಗಿದವು, ನಯಸ್ನಾಯುವಿನ ಪದರ ಬೆಳೆಯಿತು. ರಾಸಾಯನಿಕವಾಗಿ ಎರಡೂ ಒಂದೇ, ಬದಲಾದದ್ದು ಎಳೆಯ ದಪ್ಪ ಮತ್ತು ಕಿಂಡಿ. ಇಂಥ ಹೋಲಿಕೆಗಳೇ ಆಯ್ಕೆಗೆ ನೆರವಾಗುತ್ತವೆ. ಹೊಸ ಪಾಲಿಮರ್‌ನ ಜತೆಗೆ ಹೊಸ ಎಳೆದಪ್ಪವನ್ನೂ ಬದಲಿಸಿದ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ.

ಹಾಗೆಂದು ನ್ಯಾನೊ ಎಳೆಯನ್ನು ತಳ್ಳಿಹಾಕಬೇಕಿಲ್ಲ. ರಕ್ತ ಮುಟ್ಟುವ ಒಳಮೈಗೆ ಅದೇ ಸರಿ: ನುಣುಪು, ಬಿಗಿ, ರಕ್ತ ಸೋರುವುದಿಲ್ಲ, ಒಳಪದರದ ಕೋಶಗಳು ಒಂದರ ಪಕ್ಕ ಒಂದು ಕೂರಲು ಹಾಸಿಗೆಯೂ ಸಿಗುತ್ತದೆ. ಹೊರಭಾಗಕ್ಕೆ ಮೈಕ್ರೊಮೀಟರ್ ದಪ್ಪದ, ದೊಡ್ಡ ಕಿಂಡಿಯ ನಾರು. ಎರಡು ಪದರದ ಈ ವ್ಯವಸ್ಥೆಯನ್ನು ಮೊದಲ ವಿನ್ಯಾಸವಾಗಿ ಇಟ್ಟುಕೊಂಡು ಅಲ್ಲಿಂದ ಬದಲಾವಣೆಗೆ ಹೋಗುವುದು ಜಾಣತನ. ಕಿಂಡಿ ದೊಡ್ಡದಾಗಿಸಲು ನೀರಿನಲ್ಲಿ ಕರಗುವ ಪಾಲಿಎಥಿಲೀನ್ ಆಕ್ಸೈಡ್‌ನ ಎಳೆಗಳನ್ನು ಜತೆಯಲ್ಲೇ ನೂಲಿ ಆಮೇಲೆ ತೊಳೆದು ತೆಗೆಯುವ ವಿಧಾನವಿದೆ. ಉಪ್ಪಿನ ಹರಳು ಸೇರಿಸುವುದಕ್ಕಿಂತ ಇದು ಹೆಚ್ಚು ನಿಯಂತ್ರಿತ. ಉಪ್ಪು ಸೇರಿಸಿದಲ್ಲಿ ಪದರಗಳು ಬಿಟ್ಟುಕೊಳ್ಳುವುದುಂಟು.

ನೂಲುವ ಬಗೆ

ವಿದ್ಯುತ್ ಕ್ಷೇತ್ರದ ಸೆಳೆತದಿಂದ ದ್ರಾವಣವನ್ನು ಎಳೆಯಾಗಿಸುವ ಎಲೆಕ್ಟ್ರೋಸ್ಪಿನ್ನಿಂಗ್‌ನ ಮೊದಲ ಪೇಟೆಂಟ್‌ಗಳು 1902ರಷ್ಟು ಹಳೆಯವು. ಸೂಜಿಯ ತುದಿಯ ಹನಿ ವಿದ್ಯುತ್ ಕ್ಷೇತ್ರದಲ್ಲಿ ಶಂಕುವಾಗುವುದನ್ನು ಜೆಫ್ರಿ ಟೇಲರ್ 1964ರಲ್ಲಿ ವಿವರಿಸಿದರು. ಉಪಕರಣ ಸರಳ: ದ್ರಾವಣ ತುಂಬಿದ ಸಿರಿಂಜು, 10ರಿಂದ 30 ಕಿಲೊವೋಲ್ಟ್, ಒಂದು ಗೇಣು ದೂರದಲ್ಲಿ ತಿರುಗುವ ಉಕ್ಕಿನ ಕಡ್ಡಿ. ಕಡ್ಡಿಯ ವ್ಯಾಸವೇ ನಾಳದ ಒಳವ್ಯಾಸ. ಅದು ವೇಗವಾಗಿ ತಿರುಗಿದರೆ ಎಳೆಗಳು ಸುತ್ತಳತೆಯ ದಿಕ್ಕಿಗೆ ಸಾಲಾಗುತ್ತವೆ, ಸಹಜ ನಾಳದ ನಯಸ್ನಾಯು ಇರುವ ದಿಕ್ಕೂ ಅದೇ. ಹಿಂಸೆ ಕೊಡುವುದು ಗಾಳಿಯ ತೇವ. ಮಳೆಗಾಲದಲ್ಲಿ ಬಂದ ನಾರು ಬೇಸಿಗೆಯಲ್ಲಿ ಬರುವುದಿಲ್ಲ. ತೇವ ನಿಯಂತ್ರಿಸುವ ಪೆಟ್ಟಿಗೆಯಿಲ್ಲದೆ ನೂಲಿದ ಹಂದರಗಳ ಹೋಲಿಕೆಗೆ ಅರ್ಥವಿಲ್ಲ. ಉಳಿದ ದ್ರಾವಕದ ವಿಷಯವೂ ಇದೆ. ಔಷಧಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಿತಿಯಲ್ಲಿ ಕ್ಲೋರೊಫಾರಂಗೆ ಹತ್ತು ಲಕ್ಷಕ್ಕೆ 60 ಪಾಲು, ಡೈಕ್ಲೋರೊಮೀಥೇನ್‌ಗೆ 600. ಆಯ್ಕೆ ಇದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ, ನಿರ್ವಾತದಲ್ಲಿ ದಿನಗಟ್ಟಲೆ ಒಣಗಿಸಿ.

ದ್ರಾವಕವೇ ಬೇಡ ಎನ್ನುವವರಿಗೆ ಕರಗಿಸಿದ ಪಾಲಿಮರ್‌ನಿಂದ ಎಳೆಯೆಳೆಯಾಗಿ ಬರೆಯುವ ಮೆಲ್ಟ್ ಎಲೆಕ್ಟ್ರೋರೈಟಿಂಗ್ ಇದೆ. ಕಿಂಡಿಯ ಆಕಾರವನ್ನು ನೀವೇ ನಿರ್ಧರಿಸಬಹುದು. ಎಳೆ ಮಾತ್ರ ಸಾಮಾನ್ಯವಾಗಿ ಐದರಿಂದ ಇಪ್ಪತ್ತು ಮೈಕ್ರೊಮೀಟರ್, ನಿಧಾನವೂ ಹೌದು. ಹೊರಪದರಕ್ಕೆ ಅದನ್ನು, ಒಳಪದರಕ್ಕೆ ದ್ರಾವಣದ ನೂಲನ್ನು ಸೇರಿಸುವವರಿದ್ದಾರೆ.

ಕೋಶ ಬಿತ್ತಬೇಕೆ, ಖಾಲಿ ಇಡಬೇಕೆ

ಅಮೆರಿಕದ ಸಂಶೋಧಕಿ ಲಾರಾ ನಿಕ್ಲಾಸನ್ 1999ರಲ್ಲಿ ಪಾಲಿಗ್ಲೈಕಾಲಿಕ್ ಆಮ್ಲದ ಹಂದರದ ಮೇಲೆ ಕೋಶ ಬಿತ್ತಿ, ಮಿಡಿಯುವ ಪಾತ್ರೆಯಲ್ಲಿ ವಾರಗಟ್ಟಲೆ ಬೆಳೆಸಿ ಅಪಧಮನಿ ಮಾಡಿ ತೋರಿಸಿದರು. ರೋಗಿಯದೇ ಕೋಶ ಬೆಳೆಸುವಷ್ಟು ಕಾಲ ತುರ್ತು ಚಿಕಿತ್ಸೆಯಲ್ಲಿ ಯಾರಿಗಿರುತ್ತದೆ? ಹಾಗಾಗಿ ಆ ದಾರಿ ಮುಂದೆ ಬೇರೆ ರೂಪ ಪಡೆಯಿತು. ದಾನಿಯ ಕೋಶಗಳಿಂದ ನಾಳ ಬೆಳೆಸಿ, ಹಂದರ ಕರಗಿದ ಮೇಲೆ ಕೋಶಗಳನ್ನೆಲ್ಲ ತೊಳೆದು, ಉಳಿದ ಕೊಲಾಜನ್ ಕೊಳವೆಯನ್ನು ದಾಸ್ತಾನು ಇಡುವುದು. ಹ್ಯುಮಸೈಟ್ ಕಂಪನಿಯ ಇಂಥ ನಾಳಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಕೈಕಾಲಿನ ಅಪಧಮನಿಗೆ ಗಾಯವಾದಾಗ ಬಳಸಲು ಒಪ್ಪಿಗೆ ಕೊಟ್ಟಿತು. ಇಲ್ಲಿ ಹಂದರ ರೋಗಿಯ ದೇಹಕ್ಕೆ ಹೋಗುವುದೇ ಇಲ್ಲ ಎನ್ನುವುದನ್ನು ಮರೆಯಬಾರದು. ಹಾಗಾಗಿ ಕರಗುವ ವೇಗದ ಪ್ರಶ್ನೆ ಕಾರ್ಖಾನೆಯೊಳಗೇ ಮುಗಿಯುತ್ತದೆ.

ಇನ್ನೊಂದು ತುದಿಯಲ್ಲಿ ಖಾಲಿ ಹಂದರ. ಕ್ಸೆಲ್ಟಿಸ್ ಕಂಪನಿ ವಿಶೇಷ ಪಾಲಿಮರ್‌ಗಳನ್ನು ನೂಲಿ ಮಾಡಿದ ನಾಳಗಳನ್ನು ಮಾಸ್ಕೋದಲ್ಲಿ ಐವರು ಮಕ್ಕಳಿಗೆ, ಕಡಿಮೆ ಒತ್ತಡದ ಜಾಗಕ್ಕೆ ಹೊಲಿಯಲಾಯಿತು. ಹನ್ನೆರಡು ತಿಂಗಳ ಫಲಿತಾಂಶ 2017ರಲ್ಲಿ ಹೊರಬಂತು. ಅದೇ ಕಂಪನಿಯ ಡಯಾಲಿಸಿಸ್ ನಾಳ ಈಗ ಮನುಷ್ಯರಲ್ಲಿ ಪರೀಕ್ಷೆಗೆ ಒಳಪಟ್ಟಿದೆ. ಕೋಶ ಬಿತ್ತಿದ ನಾಳಕ್ಕಿಂತ ಇದು ಅಗ್ಗ, ಕಪಾಟಿನಲ್ಲಿ ಇಡಬಹುದು, ಅನುಮತಿಯ ದಾರಿಯೂ ಚಿಕ್ಕದು. ಬಿತ್ತಿದ ಕೋಶಗಳು ಉಳಿದುಕೊಂಡು ಗೋಡೆಯಾಗುತ್ತವೆ ಎಂಬ ಹಳೆಯ ನಂಬಿಕೆಯೂ ಈಗ ಸಡಿಲವಾಗಿದೆ: ಅವು ಕೆಲವೇ ದಿನಗಳಲ್ಲಿ ಮಾಯವಾಗಿ, ಸಂಕೇತಗಳ ಮೂಲಕ ರೋಗಿಯದೇ ಕೋಶಗಳನ್ನು ಕರೆಯುತ್ತವೆ ಎಂಬುದು ಇಲಿಗಳಲ್ಲಿ ಕಂಡಿದೆ. ಹಾಗಿದ್ದ ಮೇಲೆ ಸಂಕೇತವನ್ನೇ ಹಂದರದಲ್ಲಿ ಇಡಬಹುದಲ್ಲ. ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಖಾಲಿ ಹಂದರವೇ.

ಶಿನೋಕಾ ಬಗೆಯ, ಕೋಶ ಬಿತ್ತಿದ ಮಕ್ಕಳ ನಾಳಗಳ ಅಮೆರಿಕದ ಪ್ರಯೋಗದಲ್ಲಿ ಆರಂಭದ ತಿಂಗಳುಗಳಲ್ಲಿ ನಾಳ ಕಿರಿದಾಗುವುದು ಕಂಡು ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಲಾಗಿತ್ತು. 2020ರಲ್ಲಿ ಅದೇ ತಂಡ ಗಣಕ ಮಾದರಿ ಮತ್ತು ಕುರಿಗಳ ಮೂಲಕ ತೋರಿಸಿದ ಪ್ರಕಾರ, ಆ ಕಿರಿದಾಗುವಿಕೆ ಉರಿಯೂತದ ಫಲ. ಹಂದರ ಕರಗುತ್ತಿದ್ದಂತೆ ಬಹಳಷ್ಟು ತಾನಾಗಿಯೇ ಹಿಮ್ಮೆಟ್ಟುತ್ತದೆ. ಹೃದಯದ ಬೈಪಾಸ್‌ನಲ್ಲಿ ಹಾಗೆ ಕಾಯುವ ಅವಕಾಶ ಇರುವುದಿಲ್ಲ.

ಒಳಮೈಗೆ ಏನು ಹಚ್ಚುವುದು

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹೆಪಾರಿನ್ ಅನ್ನು ಬಂಧಿಸಿ ಹಚ್ಚುವುದು ಹಳೆಯದು, ಪರೀಕ್ಷಿತ, ಮೊದಲ ವಾರಗಳ ಹೆಪ್ಪನ್ನು ತಡೆಯುತ್ತದೆ. ಕೋಶ ಅಂಟಿಸುವ ಪೆಪ್ಟೈಡ್‌ಗಳಲ್ಲಿ (ಪ್ರೋಟೀನಿನ ಚಿಕ್ಕ ತುಂಡುಗಳಲ್ಲಿ) ಆರ್‌ಜಿಡಿ ಎಲ್ಲ ಕೋಶಗಳಿಗೂ ಇಷ್ಟ, ಪ್ಲೇಟ್‌ಲೆಟ್‌ಗಳಿಗೂ ಕೂಡ. ಆರ್‌ಇಡಿವಿ ಒಳಪದರದ ಕೋಶಗಳನ್ನು ಹೆಚ್ಚು ಆಯ್ದು ಹಿಡಿಯುತ್ತದೆ. ಬೆಳವಣಿಗೆಯ ಅಂಶಗಳನ್ನು ಎಳೆಯೊಳಗೆ ತುಂಬುವುದು ಪ್ರಬಂಧಕ್ಕೆ ಚೆಂದ. ಮೊದಲ ದಿನವೇ ಬಹುಪಾಲು ಹೊರಬಂದುಬಿಡದಂತೆ ನೋಡಿಕೊಳ್ಳುವುದೇ ಅಲ್ಲಿನ ನಿಜವಾದ ಕೆಲಸ.

ಯಾವ ಪರೀಕ್ಷೆಯನ್ನು ನಂಬುವುದು

ಕೊಳವೆಯ ಬಲ, ಹೊಲಿಗೆ ಹಿಡಿಯುವ ಶಕ್ತಿ, ಸೋರಿಕೆ, ಮಡಚದೆ ಬಾಗುವ ತ್ರಿಜ್ಯ ಇವುಗಳಿಗೆ ಐಎಸ್‌ಒ 7198, ರಕ್ತದ ಜತೆಗಿನ ವರ್ತನೆಗೆ ಐಎಸ್‌ಒ 10993ರ ನಾಲ್ಕನೇ ಭಾಗ ಇವೆ. ಇವನ್ನು ಅನುಸರಿಸದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಬೇಡಿ. ಹೊಲಿಗೆಯ ಶಕ್ತಿಯನ್ನು ಅಂಚಿನಿಂದ ಎಷ್ಟು ದೂರದಲ್ಲಿ, ಯಾವ ದಾರದಿಂದ ಅಳೆದರು ಎಂಬುದರಿಂದಲೇ ಫಲಿತಾಂಶ ಏರುಪೇರಾಗುತ್ತದೆ; ಅಂಗೀಕೃತ ಗುರಿ ಸುಮಾರು 2 ನ್ಯೂಟನ್.

ಪ್ರಾಣಿಯ ಆಯ್ಕೆ ಇನ್ನೂ ದೊಡ್ಡ ವಿಷಯ. ಇಲಿಯ ನಾಳಕ್ಕೆ ಹೊಲಿಯುವ ಕೊಳವೆ ಒಂದೆರಡು ಸೆಂಟಿಮೀಟರ್ ಉದ್ದ. ಎರಡೂ ತುದಿಯ ಹೊಲಿಗೆಯಿಂದ ಒಳಪದರದ ಕೋಶಗಳು ತೆವಳಿ ಬಂದು ನಡುವಿನಲ್ಲಿ ಕೂಡಿಕೊಳ್ಳುತ್ತವೆ. ಮನುಷ್ಯರಲ್ಲಿ ಆ ತೆವಳಿಕೆ ಹೊಲಿಗೆಯಿಂದ ಒಂದೆರಡು ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. 30 ಸೆಂಟಿಮೀಟರ್ ನಾಳದ ಉಳಿದ ಭಾಗಕ್ಕೆ ಕೋಶಗಳು ಗೋಡೆಯ ಮೂಲಕವೋ ರಕ್ತದಿಂದಲೋ ಬರಬೇಕು. ಇಲಿಯಲ್ಲಿ "ಪೂರ್ಣ ಒಳಪದರ" ಎಂದು ಓದಿದಾಗ ಇದನ್ನು ನೆನಪಿಡಿ. ಕುರಿಯಲ್ಲಿ, ಹಂದಿಯಲ್ಲಿ, ಉದ್ದದ ಕೊಳವೆಯಲ್ಲಿ, ನಡುಭಾಗದ ಚಿತ್ರ ತೋರಿಸಿದ ವರದಿಗೆ ಹತ್ತು ಇಲಿಯ ವರದಿಗಳ ತೂಕ.

ಹಾಗಾದರೆ ಯಾವುದು

ಮಕ್ಕಳ ಕಡಿಮೆ ಒತ್ತಡದ ನಾಳಕ್ಕೆ ಲ್ಯಾಕ್ಟಿಕ್–ಕ್ಯಾಪ್ರೊಲ್ಯಾಕ್ಟೋನ್ ಸಹಪಾಲಿಮರ್, ದೊಡ್ಡ ಕಿಂಡಿ, ಬೇಗ ಕರಗಲಿ. ಡಯಾಲಿಸಿಸ್‌ಗೆ ನಿಧಾನವಾಗಿ ಕರಗುವ, ಚುಚ್ಚಿದ ಮೇಲೆ ಮುಚ್ಚಿಕೊಳ್ಳುವ ಹಿಗ್ಗುಗುಣದ ಪಾಲಿಯುರೆಥೇನ್ ಬಗೆ. ಅಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಒಂಟಿಯಾಗಿ ಬೇಡ, ಸೂಜಿಯ ತೂತು ಹಾಗೇ ಉಳಿಯುತ್ತದೆ. ಮೊಣಕಾಲಿನ ಕೆಳಗೆ ಎರಡು ಪದರ, ಹೆಪಾರಿನ್, ಹೊರಗೆ ಮಡಚದಂತೆ ಸುರುಳಿಯ ಆಸರೆ. ಹೃದಯದ ಬೈಪಾಸ್‌ಗೆ ಬೇಗ ಕರಗುವ ಒಳಭಾಗ, ನಿಧಾನದ ಹೊರಕವಚ ಎಂಬ ವಾಂಗ್ ಜೋಡಣೆಯ ದಿಕ್ಕಿನಲ್ಲೇ ಹೋಗಬೇಕು, ಆದರೆ ಅದನ್ನು ಕೊನೆಯ ಗುರಿಯಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಅಲ್ಲ.

ಇವುಗಳಲ್ಲಿ ಯಾವುದನ್ನು ಆರಿಸಿದರೂ ಕ್ರಿಮಿಶುದ್ಧಿಯ ವಿಧಾನವನ್ನು ಮೊದಲ ಬಲಪರೀಕ್ಷೆಗಿಂತ ಮುಂಚೆ ನಿರ್ಧರಿಸಿ. ಪಾಲಿಕ್ಯಾಪ್ರೊಲ್ಯಾಕ್ಟೋನ್ 60 ಡಿಗ್ರಿಗೇ ಕರಗುವುದರಿಂದ 121 ಡಿಗ್ರಿಯ ಆಟೊಕ್ಲೇವ್‌ಗೆ ಹಾಕುವಂತಿಲ್ಲ. ವಾಡಿಕೆಯ 25 ಕಿಲೊಗ್ರೇ ಗಾಮಾ ಕಿರಣ ಲ್ಯಾಕ್ಟಿಕ್–ಗ್ಲೈಕಾಲಿಕ್ ಸರಪಳಿಗಳನ್ನು ಕತ್ತರಿಸಿ ಕರಗುವ ವೇಗವನ್ನೇ ಹೆಚ್ಚಿಸುತ್ತದೆ. ಎಥಿಲೀನ್ ಆಕ್ಸೈಡ್ ಬಳಸಿದರೆ ಅನಿಲ ಎಳೆಗಳೊಳಗಿಂದ ಹೊರಹೋಗಲು ಸಮಯ ಕೊಡಬೇಕು. ಶುದ್ಧಿಗೆ ಮೊದಲು ಅಳೆದ ಬಲ, ಹಿಗ್ಗುವಿಕೆ, ಕರಗುವ ವೇಗ ಇವು ರೋಗಿಗೆ ಹೊಲಿಯುವ ಕೊಳವೆಯ ಅಂಕಿಗಳಲ್ಲ.